ನವಾಹೋ ಪೂರಿಯ ಕತೆ

ಅಮೆರಿಕದ ಅರಿಜೋನಾದಲ್ಲಿ ರಸ್ತೆ ಪಕ್ಕ ಒಬ್ಬ ನವಾಹೋ (ಅಲ್ಲಿನ ಒಂದು ಮೂಲನಿವಾಸಿ ಬುಡಕಟ್ಟು) ಅಜ್ಜಿಯ ಹತ್ತಿರ ಫ್ರೈ ಬ್ರೆಡ್ ತಿಂದಿದ್ದೆ. ಮೈದಾ ಕಲಸಿ, ಕೈಯಲ್ಲೇ ತಟ್ಟಿ, ಕಾದ ಬಾಣಲೆಗೆ ಬಿಡುತ್ತಾರೆ. ಅರೆ, ಇದು ಪೂರಿ ಅಲ್ವಾ ಅಂತ ಖುಷಿಯಾಯಿತು. (ಸಸ್ಯಾಹಾರಿಗಳು ಕೇಳಿಕೊಂಡು ತಿನ್ನಿ, ಹಂದಿ ಕೊಬ್ಬಿನಲ್ಲಿ ಕರಿಯುವವರೂ ಇದ್ದಾರೆ.) ಆಮೇಲೆ ಈ ತಿಂಡಿ ಹುಟ್ಟಿದ ಕತೆ ಓದಿದೆ. ಬಾಯಲ್ಲಿದ್ದ ರುಚಿ ಹೋಯಿತು.

ಅಮೆರಿಕ ಪಶ್ಚಿಮಕ್ಕೆ ಬೆಳೆದ ಕತೆ ಅಂದರೆ ನಮಗೆಲ್ಲ ಕುದುರೆ, ಬಂದೂಕು, ಟೋಪಿ. ಸಿನಿಮಾ ನೋಡಿ ನೋಡಿ ಹಾಗಾಗಿದೆ. ನನ್ನ ಪ್ರಕಾರ ನವಾಹೋಗಳನ್ನು ಸೋಲಿಸಿದ್ದು ಬಂದೂಕಿಗಿಂತ ಜಾಸ್ತಿ ಹಸಿವು. ಅದೂ ಬೇಕಂತಲೇ ತಂದ ಹಸಿವು.

1863ರಲ್ಲಿ ಅಮೆರಿಕ ಸೇನೆಯ ಜನರಲ್ ಕಾರ್ಲ್‌ಟನ್ ಇವರನ್ನು ನೆಲ ಬಿಡಿಸಲು ತನ್ನ ಕೈಕೆಳಗಿನ ಅಧಿಕಾರಿ ಕಿಟ್ ಕಾರ್ಸನ್‌ನನ್ನು ಕಳಿಸಿದ. ಆ ಬೆಟ್ಟಗಳಲ್ಲಿ ಚಿನ್ನ ಇದೆ ಅಂತ ಕಾರ್ಲ್‌ಟನ್‌ಗೆ ಬಲವಾದ ನಂಬಿಕೆ. ಸೈನಿಕರು ಮೆಕ್ಕೆಜೋಳದ ಹೊಲ ಸುಟ್ಟರು, ಕುರಿ ಹಿಡಿದುಕೊಂಡು ಹೋದರು. 1864ರ ಜನವರಿಯ ಚಳಿಯಲ್ಲಿ ಕ್ಯಾನ್ಯನ್ ದ ಶೇ ಎಂಬ ಕೆಂಪು ಕಣಿವೆಗೂ ನುಗ್ಗಿದರು. ಅಲ್ಲಿ ಪೀಚ್ ತೋಟಗಳಿದ್ದವು. ಹಣ್ಣು ಒಣಗಿಸಿ ಚಳಿಗಾಲಕ್ಕೆ ಇಟ್ಟುಕೊಳ್ಳುತ್ತಿದ್ದರು. ಅದೇ ವರ್ಷ ಬೇಸಿಗೆಯಲ್ಲಿ ಮತ್ತೆ ಬಂದು ಸಾವಿರಾರು ಪೀಚ್ ಮರ ಕಡಿದು ಹಾಕಿದರು. ಅಷ್ಟರಲ್ಲಿ ಬಹಳಷ್ಟು ಜನ ಶರಣಾಗಿಯೇ ಬಿಟ್ಟಿದ್ದರು! ಗೆದ್ದ ಮೇಲೂ ಮರ ಕಡಿಯುವವನ ಮನಸ್ಸು ಎಂಥದ್ದು?

ಶರಣಾದವರನ್ನು ನಡೆಸಿಕೊಂಡು ಹೋದರು. ನ್ಯೂ ಮೆಕ್ಸಿಕೋದ ಪೇಕೋಸ್ ನದಿ ದಂಡೆಯ ಬೋಸ್ಕೆ ರೆಡೋಂಡೋವರೆಗೆ ಸುಮಾರು 500 ಕಿ.ಮೀ. ಮುದುಕರು, ಬಸುರಿಯರು, ಮಕ್ಕಳು ಎಲ್ಲರೂ. ಅಲ್ಲಿ 8,000ಕ್ಕೂ ಹೆಚ್ಚು ಜನರನ್ನು ಕೂಡಿಹಾಕಿದರು. ಕುಡಿದರೆ ಹೊಟ್ಟೆ ಕೆಡಿಸುವ ಸವಳು ನೀರು. ಬಿತ್ತಿದ ಮೆಕ್ಕೆಜೋಳಕ್ಕೆ ಹುಳ. ಸರ್ಕಾರ ಕೊಟ್ಟ ರೇಷನ್ ಮೈದಾ, ಕಾಫಿ ಬೀಜ. ಕಾಫಿ ಬೀಜವನ್ನು ಅವರೆಕಾಳಿನ ಹಾಗೆ ಬೇಯಿಸಿ, ಬೇಯಲೇ ಇಲ್ಲವಲ್ಲ ಅಂತ ಕಾದರಂತೆ. ಹಿರಿಯರು ಹೇಳಿಕೊಂಡು ಬಂದ ಕತೆ ಇದು. ನಾನು ಖುಷಿಯಿಂದ ತಿಂದ ಫ್ರೈ ಬ್ರೆಡ್‌ನ ಮೂಲವೂ ಇದೇ ರೇಷನ್ ಹಿಟ್ಟು ಅನ್ನುತ್ತಾರೆ.

1868ರಲ್ಲಿ ಮಾತುಕತೆಗೆ ಬಂದ ಜನರಲ್ ಶರ್ಮನ್, ಪೂರ್ವದ ಕಡೆ ಬೇರೆ ಜಾಗ ಕೊಡೋಣ ಅಂದ. ನವಾಹೋ ನಾಯಕ ಬಾರ್ಬೊನ್ಸಿಟೋ ಒಪ್ಪಲಿಲ್ಲ, ನಮ್ಮ ನೆಲಕ್ಕೇ ಕಳಿಸಿ ಎಂದು ಹಟ ಹಿಡಿದ. ಜೂನ್ 1ರಂದು ಒಪ್ಪಂದವಾಯಿತು. ತಮ್ಮ ನೆಲದ ಒಂದು ತುಂಡು ತಮಗೇ ವಾಪಸ್, ಜೊತೆಗೆ 15,000 ಕುರಿ ಮೇಕೆ. ತಾಯ್ನಾಡಿಗೆ ಮರಳಿ ಬದುಕು ಕಟ್ಟಿಕೊಂಡ ಇಂಥ ಉದಾಹರಣೆ ಅಮೆರಿಕದ ಮೂಲನಿವಾಸಿಗಳ ಚರಿತ್ರೆಯಲ್ಲಿ ತೀರಾ ಅಪರೂಪ.

ತಮಾಷೆ ನೋಡಿ, 1930ರ ದಶಕದಲ್ಲಿ ಅದೇ ಸರ್ಕಾರ, ಕುರಿ ಜಾಸ್ತಿಯಾಗಿ ಮಣ್ಣು ಕೊಚ್ಚಿ ಹೋಗ್ತಿದೆ, ಹೂವರ್ ಅಣೆಕಟ್ಟಿಗೆ ಹೂಳು ತುಂಬುತ್ತದೆ ಅಂತ ಕುರಿಗಳನ್ನು ಕೊಲ್ಲಿಸಿತು. ಹುಲ್ಲು ಸವೆದಿದ್ದು ಸುಳ್ಳಲ್ಲ. ಆದರೆ ಆ ಸಮಾಜದಲ್ಲಿ ಕುರಿಯ ಒಡೆತನ ಬಹುಪಾಲು ಹೆಂಗಸರದು. ಅಧಿಕಾರಿಗಳು ಮಾತಾಡಿದ್ದು ಗಂಡಸರ ಜೊತೆ. ಎಷ್ಟೋ ಕಡೆ ಗುಂಡಿಕ್ಕಿ ಹಾಗೇ ಬಿಟ್ಟು ಹೋದರು, ಮಾಂಸವೂ ಯಾರ ಬಾಯಿಗೂ ಸೇರಲಿಲ್ಲ.

1868ರ ಒಪ್ಪಂದ ಇನ್ನೂ ಜೀವಂತ. ನೆಲ ಕೊಟ್ಟ ಮೇಲೆ ನೀರೂ ಅದರೊಳಗೇ ಬಂತಲ್ಲ, ಅದನ್ನು ಒದಗಿಸುವ ಜವಾಬ್ದಾರಿ ನಿಮ್ಮದು ಅಂತ ನವಾಹೋಗಳು ಕೋರ್ಟಿಗೆ ಹೋದರು. 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5-4ರಲ್ಲಿ ಇಲ್ಲ ಅಂದಿತು. ನವಾಹೋಗಳ ನೆಲದಲ್ಲಿ ಸುಮಾರು ಮೂರರಲ್ಲಿ ಒಂದು ಮನೆಗೆ ಇವತ್ತಿಗೂ ನಲ್ಲಿ ನೀರಿಲ್ಲ. ಪಿಕಪ್ ಗಾಡಿಯಲ್ಲಿ ಡ್ರಮ್ ಇಟ್ಟುಕೊಂಡು ಎಷ್ಟೋ ಮೈಲಿ ಹೋಗಿ ತುಂಬಿಕೊಂಡು ಬರುತ್ತಾರೆ.

ನನಗೆ ಪೂರಿ ಕರಿದು ಕೊಟ್ಟ ಅಜ್ಜಿಯ ಗಾಡಿ ಹಿಂದೆಯೂ ಅಂಥದ್ದೇ ಒಂದು ನೀಲಿ ಡ್ರಮ್ ಇತ್ತು. ಅವತ್ತು ನಾನು ಎಣ್ಣೆ ಇರಬೇಕು ಅಂದುಕೊಂಡಿದ್ದೆ.