ಹಳದಿ ಬಾಲ ನೋಡಿ: ಅದು ಮೂರಿಷ್ ಐಡಲ್ ಅಲ್ಲ

ಗೋವಾದ ವಾಸ್ಕೋದಲ್ಲಿರುವ ನಮ್ಮ ಕನ್ನಡಿಗರ ಮೊಬೈಲ್‌ಗಳಲ್ಲಿ ಈ ವಾರ ಒಂದು ಮೀನಿನ ಫೋಟೋ ಓಡಾಡುತ್ತಿದೆ. ಗ್ರಾಂಡೆ ದ್ವೀಪದ ಹತ್ತಿರ ಡೈವಿಂಗ್ ಮಾಡುವಾಗ ತೆಗೆದದ್ದಂತೆ. ಕೆಳಗೆ ಹೀಗೆ ಬರೆದಿದೆ: ‘ಇದು ಮೂರಿಷ್ ಐಡಲ್. ವಿಷದ ಮೀನು, ಮುಟ್ಟಬೇಡಿ.’

ಎರಡೂ ತಪ್ಪು. ಅದು ಬ್ಯಾನರ್‌ಫಿಶ್, ಚಿಟ್ಟೆಮೀನಿನ ಕುಟುಂಬದ್ದು. ವೈಜ್ಞಾನಿಕ ಹೆಸರು ಹೆನಿಯೋಕಸ್ ಅಕ್ಯುಮಿನೇಟಸ್.

ಗೊಂದಲ ಆಗುವುದು ಸಹಜವೇ. ಎರಡಕ್ಕೂ ಬಿಳಿ ಮೈ, ಕಪ್ಪು ಪಟ್ಟೆ, ಬೆನ್ನ ಮೇಲೆ ಬಾವುಟದಂತೆ ಹಿಂದಕ್ಕೆ ಚಾಚಿದ ಉದ್ದ ರೆಕ್ಕೆ. ನಾನೂ ಮೊದಲ ಸಲ ಮೋಸ ಹೋದವನೇ. ಆದರೆ ಬಾಲ ನೋಡಿದರೆ ಸಾಕು. ಬ್ಯಾನರ್‌ಫಿಶ್‌ನ ಬಾಲ ಹಳದಿ. ಮೂರಿಷ್ ಐಡಲ್‌ನದು ಕಪ್ಪು, ತುದಿಯಲ್ಲಿ ಬಿಳಿ ಅಂಚು. ಇನ್ನು ಮೂತಿ. ಐಡಲ್‌ನ ಮೂತಿ ಕೊಳವೆಯ ಹಾಗೆ ಮುಂದಕ್ಕೆ ಚಾಚಿರುತ್ತದೆ, ಅದರ ಮೇಲೆ ಜೀನು ಹಾಕಿದಂತೆ ಹಳದಿ ಮಚ್ಚೆ. ಬ್ಯಾನರ್‌ಫಿಶ್‌ನ ಮೂತಿ ಅಷ್ಟು ಉದ್ದ ಇಲ್ಲ, ಆ ಮಚ್ಚೆಯೂ ಇಲ್ಲ. ಫೋಟೋದಲ್ಲಿ ಬಾಲ ಅರಿಶಿನದಷ್ಟು ಹಳದಿಯಾಗಿದೆ, ಅಲ್ವಾ?

ನೋಡೋಕೆ ಅಣ್ಣ ತಮ್ಮಂದಿರ ಹಾಗಿದ್ದರೂ ಕುಟುಂಬ ಬೇರೆ. ಮೂರಿಷ್ ಐಡಲ್ ತನ್ನ ಕುಟುಂಬದಲ್ಲಿ ಈಗ ಉಳಿದಿರುವ ಒಂದೇ ಜಾತಿ. ಎರಡಕ್ಕೂ ವೈಜ್ಞಾನಿಕ ಹೆಸರು ಕೊಟ್ಟವರು ಮಾತ್ರ ಒಬ್ಬರೇ, ಸ್ವೀಡನ್‌ನ ಜೀವವಿಜ್ಞಾನಿ ಲಿನೇಯಸ್, 1758ರಲ್ಲಿ.

ವಿಷದ ಮಾತು ಬಹುಶಃ ಲಯನ್‌ಫಿಶ್ ಎಂಬ ಇನ್ನೊಂದು ಮೀನಿನಿಂದ ಬಂದಿರಬೇಕು. ಅದರ ಮುಳ್ಳಿನಲ್ಲಿ ನಿಜಕ್ಕೂ ವಿಷವಿದೆ. ಬ್ಯಾನರ್‌ಫಿಶ್‌ಗೆ ಇರುವುದು ಬರೀ ಚೂಪು ಮುಳ್ಳು. ಹಾಗಂತ ಸುಮ್ನೆ ಕೈ ಹಾಕಲು ಹೋಗಬೇಡಿ.