ಹಾಡಿನ ಹೆಸರು ಬರಲಿಲ್ಲ ಅಂದರೆ ಸಿಡಿ ನಕಲಿ ಅಲ್ಲ

ಧಾರವಾಡದ ನಮ್ಮ ಸಂಗೀತದ ವಾಟ್ಸಾಪ್ ಗುಂಪಿನಲ್ಲಿ ಒಂದು ಮಾತು ಓಡಾಡುತ್ತಿದೆ: ಕಂಪ್ಯೂಟರಿಗೆ ಸಿಡಿ ಹಾಕಿದಾಗ ರಾಗದ ಹೆಸರು ಕಾಣದಿದ್ದರೆ ಅದು ಕಳ್ಳ ಪ್ರತಿಯಂತೆ. ಇದು ತಪ್ಪು. ಸುಮ್ನೆ ಸಿಡಿ ಎಸೆಯಬೇಡಿ.

ಸಾಮಾನ್ಯ ಆಡಿಯೋ ಸಿಡಿಯಲ್ಲಿ ಹೆಸರುಗಳೇ ಇರುವುದಿಲ್ಲ. ಹೆಸರುಗಳನ್ನು ಸಿಡಿಯಲ್ಲೇ ಬರೆದಿಡುವ ಸಿಡಿ-ಟೆಕ್ಸ್ಟ್ ಅನ್ನುವುದು ಆಮೇಲೆ ಬಂತು, ಅದೂ ಕಡ್ಡಾಯವಲ್ಲ. ಸಾಫ್ಟ್‌ವೇರ್ ನೋಡುವುದು ಎಷ್ಟು ಟ್ರ್ಯಾಕ್, ಯಾವುದು ಎಲ್ಲಿ ಶುರು ಅನ್ನುವುದನ್ನು. ಅದರಿಂದ ಒಂದು ಗುರುತಿನ ಸಂಖ್ಯೆ ಕಟ್ಟಿ, ಇಂಟರ್ನೆಟ್ಟಿನ ಪಟ್ಟಿಯಲ್ಲಿ ಹುಡುಕುತ್ತದೆ. ಸಿಕ್ಕ ಹೆಸರನ್ನು ನಿಮ್ಮ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳುತ್ತದೆ, ಸಿಡಿಯಲ್ಲಲ್ಲ. ವಿಂಡೋಸ್ 95ರ ಸಿಡಿ ಪ್ಲೇಯರಂತೂ ನಾವೇ ಟೈಪ್ ಮಾಡಿದ ಹೆಸರುಗಳನ್ನು ಒಂದು ಚಿಕ್ಕ ಫೈಲಿನಲ್ಲಿ ಬರೆದಿಡುತ್ತಿತ್ತು.

ಟ್ರ್ಯಾಕುಗಳ ಜಾಗ ಬದಲಾಗದ ಹಾಗೆ ಮಾಡಿದ ನಕಲಿಗೂ ಅದೇ ಸಂಖ್ಯೆ, ಅದೇ ಹೆಸರು ಬರುತ್ತದೆ! ಹಾಗಾದರೆ ಅಸಲಿಗೆ ಯಾಕೆ ಬರಲ್ಲ? ಯಾರೂ ಆ ಸಿಡಿಯ ವಿವರ ಪಟ್ಟಿಗೆ ಸೇರಿಸಿರುವುದಿಲ್ಲ, ಅಷ್ಟೇ. ಹಳೇ ಸಾಫ್ಟ್‌ವೇರುಗಳು ಹುಡುಕುತ್ತಿದ್ದ ಫ್ರೀಡಿಬಿ ಅನ್ನುವ ಪಟ್ಟಿ 2020ರಲ್ಲಿ ಮುಚ್ಚಿತು, ಅದೂ ಒಂದು ಕಾರಣ.

ಇನ್ನೊಂದು ತಮಾಷೆ. ಸಿಡಿಡಿಬಿ ಅನ್ನುವ ಇಂಥದ್ದೇ ಪಟ್ಟಿಯ ಹಳೇ ಲೆಕ್ಕದಲ್ಲಿ, ತಲಾ ಒಂದೇ ಟ್ರ್ಯಾಕ್ ಇರುವ ಎರಡು ಬೇರೆ ಬೇರೆ ಸಿಡಿಗಳ ಉದ್ದ ಸೆಕೆಂಡಿಗೆ ಸೆಕೆಂಡು ಸರಿಹೋದರೆ ಸಂಖ್ಯೆಯೂ ಸಾಮಾನ್ಯವಾಗಿ ಒಂದೇ. ಒಂದೇ ರಾಗವನ್ನು ಗಂಟೆಗಟ್ಟಲೆ ಹಾಡುವ ನಮ್ಮ ಕಡೆ ಇದು ಆಗುವಂಥದ್ದೇ ಅಲ್ವಾ?