ಈ ವರ್ಷ ಹುಲ್ಲಿನ ಸರದಿ

2026ರ ಜೂನ್‌ನಲ್ಲಿ ಗ್ಲಾಸ್ಟನ್‌ಬರಿ ಸಂಗೀತ ಉತ್ಸವ ಇಲ್ಲ. ಇದು ಅವರಿಗೆ ಬೀಳು ವರ್ಷ. ಹೊಲ ಬೀಳು ಬಿಡುವುದು ಅಂತೀವಲ್ಲ, ಅದೇ. ಕೆಲವು ವರ್ಷಕ್ಕೊಮ್ಮೆ ಉತ್ಸವವನ್ನೇ ನಿಲ್ಲಿಸಿ ನೆಲಕ್ಕೆ ರಜೆ ಕೊಡುತ್ತಾರೆ. 2006ರಲ್ಲಿ ಕೊಟ್ಟರು, 2012ರಲ್ಲಿ ಕೊಟ್ಟರು, 2018ರಲ್ಲಿ ಕೊಟ್ಟರು. ಈಗ ಮತ್ತೆ.

ಇದಕ್ಕೆ ಬೇಜಾರು ಮಾಡಿಕೊಂಡ ಗೆಳೆಯರು ಇದ್ದಾರೆ. "ಅಷ್ಟೊಂದು ಜನ ಕಾಯ್ತಿರ್ತಾರೆ, ಸುಮ್ನೆ ಒಂದು ವರ್ಷ ಹಾಳು" ಅಂದರು ಒಬ್ಬರು. ನನಗೆ ಹಾಗೆ ಅನ್ನಿಸುವುದಿಲ್ಲ. ಆ ಉತ್ಸವದ ಬಗ್ಗೆ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗುವುದೇ ಈ ರಜೆ. ಯಾಕೆ ಅಂತ ಬರೆಯುತ್ತೇನೆ. ಸ್ವಲ್ಪ ಉದ್ದವಾಗುತ್ತೆ, ಸಮಯ ಇದ್ದಾಗ ಓದಿ.

ಗ್ಲಾಸ್ಟನ್‌ಬರಿ ಅಂದರೆ ಟಿವಿಯಲ್ಲಿ ಕಾಣುವುದು ವೇದಿಕೆ, ಬಾವುಟ, ಕೆಸರು. ಆ ಜಾಗ ನಿಜವಾಗಿ ಏನು ಅಂತ ಜಾಸ್ತಿ ಜನರಿಗೆ ಗೊತ್ತಿಲ್ಲ. ಅದು ಇಂಗ್ಲೆಂಡಿನ ಸಾಮರ್ಸೆಟ್‌ನಲ್ಲಿ, ಪಿಲ್ಟನ್ ಅನ್ನುವ ಹಳ್ಳಿಯ ಪಕ್ಕದ ಹಾಲಿನ ಫಾರ್ಮ್. ಹೆಸರು ವರ್ದಿ ಫಾರ್ಮ್. ಈ ಉತ್ಸವ ಶುರುಮಾಡಿದ ರೈತ ಮೈಕೆಲ್ ಈವಿಸ್‌ಗೆ ಅಪ್ಪ ತೀರಿಕೊಂಡಾಗ 19 ವರ್ಷ. ಹಸು ಕರೆಯುವ ಕೆಲಸ ಆವತ್ತೇ ಅವರ ಕೈಗೆ ಬಂತು. 1970ರಲ್ಲಿ ಹತ್ತಿರದಲ್ಲೇ ನಡೆದ ಇನ್ನೊಂದು ಉತ್ಸವಕ್ಕೆ ಹೋಗಿ ಬಂದವರು, ನಾವೂ ಯಾಕೆ ಮಾಡಬಾರದು ಅಂದುಕೊಂಡರು. ಅದೇ ಸೆಪ್ಟೆಂಬರ್ 19ರಂದು ಮಾಡಿಯೂ ಬಿಟ್ಟರು. ಟಿಕೆಟ್ 1 ಪೌಂಡ್. ಬಂದವರಿಗೆ ಫಾರ್ಮಿನ ಹಾಲು ಪುಕ್ಕಟೆ. ಬಂದದ್ದು ಸುಮಾರು 1,500 ಜನ.

ಮುಂದಿನ ವರ್ಷ ಉತ್ಸವ ಜೂನ್‌ಗೆ ಬಂತು, ಅಂದರೆ ಅವರ ಬೇಸಿಗೆಗೆ. 1981ರಲ್ಲಿ ಅಲ್ಲೊಂದು ಖಾಯಂ ಪಿರಮಿಡ್ ವೇದಿಕೆ ಕಟ್ಟಿದರು. ಬೇಸಿಗೆಯಲ್ಲಿ ಅದರ ಮೇಲೆ ಹಾಡು. ಚಳಿಗಾಲದಲ್ಲಿ ಅದೇ ದನದ ಕೊಟ್ಟಿಗೆ, ಮೇವಿನ ಮನೆ. 1994ರಲ್ಲಿ ಅದು ಸುಟ್ಟುಹೋಯಿತು. ಇವತ್ತಿನ ವೇದಿಕೆ ಬೇರೆ, ಆದರೆ ನನ್ನ ತಲೆಯಲ್ಲಿ ಗ್ಲಾಸ್ಟನ್‌ಬರಿ ಅಂದರೆ ಆ ಕೊಟ್ಟಿಗೆಯೇ.

ನಾನು ಅಲ್ಲಿಗೆ ಹೋಗಿದ್ದು 2019ರಲ್ಲಿ, ಕಸ ಎತ್ತುವ ಸ್ವಯಂಸೇವಕರ ಗುಂಪಿನಲ್ಲಿ. ಐದು ದಿನ ಬಿಸಿಲಿತ್ತು. ಎರಡು ಲಕ್ಷ ಜನ. ಒಂದು ಸಂಜೆ ಎರಡು ವೇದಿಕೆಗಳ ನಡುವಿನ ದಾರಿಯಲ್ಲಿ ಕಾಲುನೋವಿಗೆ ಕೂತುಬಿಟ್ಟೆ. ಗಾಳಿ ಆ ಕಡೆಯಿಂದ ಬೀಸಿದಾಗ ಡ್ರಮ್ಮು, ಈ ಕಡೆಯಿಂದ ಬೀಸಿದಾಗ ಪಿಟೀಲು. ಅರ್ಧ ಗಂಟೆ ಹಾಗೇ ಕೂತಿದ್ದೆ. ಯಾವ ವೇದಿಕೆಗೂ ಹೋಗದೆ ಕೇಳಿದ ಆ ಸಂಗೀತವೇ ಈಗಲೂ ಕಿವಿಯಲ್ಲಿದೆ.

ಅಲ್ಲಿ ಒಂದೇ ಬಗೆಯ ಸಂಗೀತ ಅಂತಿಲ್ಲ. 2004ರಲ್ಲಿ ಪಿರಮಿಡ್ ವೇದಿಕೆಯ ಮೇಲೆ ಜರ್ಮನ್ ಸಂಗೀತಕಾರ ವ್ಯಾಗ್ನರನ ಆಪೆರಾದ, ಅಂದರೆ ಸಂಗೀತ ನಾಟಕದ, ಒಂದು ಅಂಕ ಹಾಡಿದರು. 2008ರಲ್ಲಿ ಅಮೆರಿಕದ ಹಿಪ್‌ಹಾಪ್ ಗಾಯಕ ಜೇ-ಝೀ ಬರುತ್ತಾರೆ ಅಂದಾಗ, ಹಿಪ್‌ಹಾಪ್‌ಗೆ ಇಲ್ಲೇನು ಕೆಲಸ ಅಂತ ದೊಡ್ಡ ಗಲಾಟೆ ಆಯಿತು. ಅವರು ಬಂದರು, ಹಾಡಿದರು, ಜನ ಕುಣಿದರು. 2014ರಲ್ಲಿ ಅಮೆರಿಕದ ಗಾಯಕಿ ಡಾಲಿ ಪಾರ್ಟನ್‌ರ ಹಳ್ಳಿಹಾಡಿಗೆ (ಕಂಟ್ರಿ ಸಂಗೀತಕ್ಕೆ) ಹೊಲ ತುಂಬಿತ್ತು. ಇಷ್ಟೆಲ್ಲ ಒಂದೇ ಕಡೆ ಒಗ್ಗುವುದಕ್ಕೆ ಆ ಜಾಗವೇ ಕಾರಣ ಅಂತ ನನ್ನ ನಂಬಿಕೆ. ಅದು ರಾಕ್‌ನವರ ಸಭಾಂಗಣವೂ ಅಲ್ಲ, ಆಪೆರಾದವರ ಮನೆಯೂ ಅಲ್ಲ. ಹಸುಗಳ ಹೊಲ. ಯಾರೇ ಬಂದರೂ ಅಲ್ಲಿ ನೆಂಟರೇ. ನೀನು ಯಾಕೆ ಬಂದೆ ಅಂತ ಒಬ್ಬ ನೆಂಟ ಇನ್ನೊಬ್ಬನನ್ನು ಕೇಳೋಕಾಗುತ್ತಾ?

ಈಗ ಸೋಮವಾರದ ವಿಷಯಕ್ಕೆ ಬರುತ್ತೇನೆ. ನನಗೆ ಹೇಳಬೇಕಾಗಿರುವುದು ಇದೇ.

ಭಾನುವಾರ ರಾತ್ರಿ ಹಾಡು ಮುಗಿಯುತ್ತೆ. ಸೋಮವಾರ ಬೆಳಿಗ್ಗೆ ಜನ ಚೀಲ ಹೊತ್ತು ಹೊರಡುತ್ತಾರೆ. ನಾವು ಹೊಲಕ್ಕೆ ಅಡ್ಡಲಾಗಿ ಸಾಲಾಗಿ ನಿಂತು, ಕೈಗವಸು ಹಾಕಿಕೊಂಡು, ಒಂದೇ ವೇಗದಲ್ಲಿ ನಡೆಯುತ್ತಾ ಕಸ ಎತ್ತಿದೆವು. ನಾನು ಚುರುಕಾಗಿ ನನ್ನ ಪಟ್ಟಿ ಮುಗಿಸಿ ಮುಂದೆ ಹೋದೆ. ನಮ್ಮ ಸಾಲು ನೋಡಿಕೊಳ್ಳುತ್ತಿದ್ದ ವಯಸ್ಸಾದ ಹೆಂಗಸು ನನ್ನನ್ನು ವಾಪಸ್ ಕರೆದರು. "ಬಗ್ಗಿ ಹುಲ್ಲಿನೊಳಗೆ ಕೈ ಆಡಿಸಿ. ಹಸು ಹಾಗೇ ಮೇಯುತ್ತೆ" ಅಂದರು. ಮಂಡಿಯೂರಿ ಕೈ ಆಡಿಸಿದೆ. ಒಂದೇ ಮಾರು ಜಾಗದಲ್ಲಿ ಸಿಕ್ಕಿದ್ದು ಎರಡು ಟೆಂಟಿನ ಗೂಟ, ಒಂದು ಕ್ಯಾನಿನ ಹರಿದ ಚೂರು, ಮುರಿದ ಕಪ್ಪು ಕನ್ನಡಕದ ಕಾಲು. ನಿಂತು ನೋಡಿದಾಗ ಅಲ್ಲಿ ಏನೂ ಇರಲಿಲ್ಲ.

ಹಸು ಆರಿಸಿ ತಿನ್ನುವ ಪ್ರಾಣಿ ಅಲ್ಲ. ನಾಲಗೆಯಿಂದ ಹುಲ್ಲನ್ನು ಸುತ್ತಿ ಎಳೆದುಕೊಂಡು, ಸರಿಯಾಗಿ ಅಗಿಯದೇ ನುಂಗುತ್ತೆ. ಮೆಲುಕು ಆಮೇಲೆ. ಹುಲ್ಲಿನ ಜೊತೆ ತಂತಿಯೋ ಮೊಳೆಯೋ ಹೋದರೆ ಎರಡನೇ ಹೊಟ್ಟೆಯಲ್ಲಿ ನಿಲ್ಲುತ್ತೆ. ಅದರ ಮುಂದೆಯೇ ಹೃದಯ ಇರುವುದು. ಚುಚ್ಚಿಕೊಂಡರೆ ಹಸು ಸಾಯಲೂಬಹುದು. ಅದಕ್ಕೇ ಟ್ರಾಕ್ಟರಿಗೆ ಅಯಸ್ಕಾಂತ ಕಟ್ಟಿ ಹೊಲದ ತುಂಬಾ ಓಡಿಸುತ್ತಾರೆ. ಆದರೆ ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲ ಅಲ್ವಾ? ಕ್ಯಾನಿನ ಚೂರು, ಹಗುರ ಗೂಟ ಇವನ್ನೆಲ್ಲ ಕೈಯಲ್ಲೇ ಹೆಕ್ಕಬೇಕು. ಆ ಮಧ್ಯಾಹ್ನದ ಹೊತ್ತಿಗೆ ನನ್ನ ಮಂಡಿ ಹಸಿರಾಗಿತ್ತು.

ಆ ವರ್ಷ ಒಳ್ಳೆಯದೂ ಆಗಿತ್ತು. ಪ್ಲಾಸ್ಟಿಕ್ ಬಾಟಲಿ ನೀರು ಮಾರುವುದನ್ನು ನಿಲ್ಲಿಸಿದ್ದರು. 2017ರ ಉತ್ಸವದಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಬಾಟಲಿ ಖರ್ಚಾಗಿದ್ದವು. 2019ರಲ್ಲಿ ಪ್ರಕೃತಿ ಸಾಕ್ಷ್ಯಚಿತ್ರಗಳ ಡೇವಿಡ್ ಅಟೆನ್‌ಬರೋ ವೇದಿಕೆಗೆ ಬಂದು ಅದಕ್ಕೆ ಧನ್ಯವಾದ ಹೇಳಿದರು. ಜನರೂ ಬಹುತೇಕ ಎಲ್ಲರೂ ತಮ್ಮ ಟೆಂಟು ವಾಪಸ್ ಹೊತ್ತುಕೊಂಡು ಹೋದರು. ಕೇಳಿದರೆ ಜನ ಮಾಡುತ್ತಾರೆ ಅನ್ನುವುದನ್ನು ನಾನು ಕಣ್ಣಾರೆ ಕಂಡೆ.

ಆದರೆ ಅದೇ 2019ರಲ್ಲಿ ಪಕ್ಕದ ವೈಟ್‌ಲೇಕ್ ನದಿಯ ನೀರನ್ನು ಬ್ಯಾಂಗರ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷೆ ಮಾಡಿದ್ದರು. 2021ರಲ್ಲಿ ವರದಿ ಬಂತು. ನೀರಿನಲ್ಲಿ ಎಂಡಿಎಂಎ, ಕೊಕೇನ್ ಅನ್ನುವ ಮಾದಕ ವಸ್ತುಗಳು ಸಿಕ್ಕಿದ್ದವು. ಆ ಪ್ರದೇಶದಲ್ಲಿರುವ ಅಪರೂಪದ ಹಾವುಮೀನುಗಳಿಗೆ ಕೆಡುಕಾಗುವಷ್ಟು ಇತ್ತಂತೆ. ಅವನ್ನು ತೆಗೆದುಕೊಂಡವರು ಶೌಚಾಲಯಕ್ಕೆ ಹೋಗದೆ ಬೇಲಿ ಮರೆಯಲ್ಲಿ ಮೂತ್ರ ಮಾಡಿದರೆ ಅದು ಹೋಗುವುದು ನದಿಗೇ. ಓದಿ ನನಗೆ ತುಂಬಾ ನೋವಾಯಿತು. ಕೈಯಲ್ಲಿ ಹೆಕ್ಕುವ ಕಸ ಹೆಕ್ಕಿದ್ದೆವು. ಇದನ್ನು ಹೆಕ್ಕೋದು ಹೇಗೆ?

ನೆಲದ ಕಥೆಯೂ ಹಾಗೇ. ಅಲ್ಲಿಯದು ಜೇಡಿಮಣ್ಣು. ಮಳೆ ಬಂದರೆ 2016ರ ಥರ ಮೊಣಕಾಲುದ್ದ ಕೆಸರು. ಬಿಸಿಲು ಬಂದರೆ ನಾಲ್ಕು ಲಕ್ಷ ಕಾಲು ತುಳಿದು ತುಳಿದು ಕಲ್ಲಾಗುತ್ತೆ. ಮಣ್ಣಿನೊಳಗೆ ಗಾಳಿ ಆಡುವ ಸಂದುಗಳೇ ಮುಚ್ಚಿಹೋಗುತ್ತವೆ. ಬೇರು ಇಳಿಯುವುದಿಲ್ಲ, ನೀರು ಇಂಗುವುದಿಲ್ಲ. ಮೇಲೆ ಎರಡು ತಿಂಗಳಲ್ಲಿ ಹಸಿರು ಬಂದರೂ ಒಳಗಿನ ಮಣ್ಣು ಸಡಿಲವಾಗಲು ಎರೆಹುಳ ಬೇಕು, ಬೇರು ಬೇಕು, ಚಳಿಗಾಲದ ಹಿಮ ಬೇಕು. ಅವು ಯಾವುವೂ ಅವಸರ ಮಾಡುವುದಿಲ್ಲ. ಉತ್ಸವದ ದಿನಗಳಲ್ಲಿ ಹಸುಗಳು ಹುಲ್ಲು ಬಿಟ್ಟು ಶೆಡ್ಡಿನಲ್ಲಿ ಇರಬೇಕು. ಹಾಗಾಗಿ ಈ ರಜೆ ಅವಕ್ಕೂ ರಜೆಯೇ, ಐದು ದಿನ ವೇದಿಕೆಯ ಸದ್ದು ಕೇಳುವ ಹಳ್ಳಿಯವರಿಗೂ ರಜೆಯೇ.

2025ರ ಟಿಕೆಟ್ಟು 373.50 ಪೌಂಡ್ ಇತ್ತು. ಸುಮಾರು 35 ನಿಮಿಷದಲ್ಲಿ ಖಾಲಿ. 2026ರಲ್ಲೂ ಮಾರಿದ್ದರೆ ಅಷ್ಟೇ ಬೇಗ ಖಾಲಿಯಾಗುತ್ತಿತ್ತು. ಅಷ್ಟು ದುಡ್ಡು ಬಾಗಿಲಲ್ಲಿ ನಿಂತಿದ್ದರೂ ಬೇಡ ಅಂದಿದ್ದಾರೆ. ಹೊಲದಲ್ಲಿ ನಡೆಯುವ ಯಾವ ಉತ್ಸವವಾದರೂ ಈ ಲೆಕ್ಕ ಇಟ್ಟುಕೊಳ್ಳಬೇಕು ಅಂತ ನನ್ನ ಆಸೆ. ವೇದಿಕೆಗಿಂತ ಮೊದಲು, ಹಾಡುವವರ ಪಟ್ಟಿಗಿಂತ ಮೊದಲು, ಯಾವ ವರ್ಷ ಬಿಡುತ್ತೇವೆ ಅನ್ನುವುದು ಬರೆದಿರಬೇಕು.

ಪಿರಮಿಡ್‌ನ ಉಕ್ಕಿನ ಚೌಕಟ್ಟು ವರ್ಷವಿಡೀ ಅಲ್ಲೇ ಇರುತ್ತೆ. ಈ ಜೂನ್‌ನಲ್ಲಿ ಅದರ ಮುಂದೆ, ನಾನು ಮಂಡಿಯೂರಿದ್ದ ಜಾಗದಲ್ಲಿ, ಹುಲ್ಲು ಮೊಣಕಾಲಿನವರೆಗೆ ಬಂದಿರಲಿ. ಹಸುಗಳು ಹೊಟ್ಟೆ ತುಂಬ ಮೇಯಲಿ.